ಹಿಟ್ಟಿಲ್ಲದ ಶುಕ್ರವಾರ

ರೋಗ ಎನ್ನುವುದು ಮಗುವಿನ ಕುತ್ತಿಗೆಯ ಮೇಲೆ ಸವಾರನ ಹಾಗೆ ಕಾಲು ಇಳಿಬಿಟ್ಟು ಕೂತಿರುತ್ತದಂತೆ. ಹಾಗಂತ ನಮ್ಮ ಆಜೆ, ಅಂದರೆ ಅಜ್ಜಿ, ಹೇಳುತ್ತಿದ್ದಳು. ಒಂದೂರಲ್ಲಿ ಒಂದು ಬಿಳಿ ಒಂಟೆಯಿತ್ತು, ಅದರ ಮರಿಗೆ ಕಾಯಿಲೆಯಾಯಿತು. ಒಂಟೆ ಅಳಲಿಲ್ಲ, ಯಾರ ಕಾಲೂ ಹಿಡಿಯಲಿಲ್ಲ. ಸುಮ್ಮನೆ ಮರಿಯ ಸುತ್ತ ಸುತ್ತತೊಡಗಿತು. ಒಂದು ಸುತ್ತು, ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಮರಿಯ ಕುತ್ತಿಗೆಯ ಮೇಲೆ ಕೂತಿದ್ದ ರೋಗಕ್ಕೆ ಅದನ್ನು ನೋಡಿ ನೋಡಿ ತಲೆ ತಿರುಗಿ, ಜಾರಿ ಕೆಳಗೆ ಬಿತ್ತು.

ಇಲ್ಲಿ ಆಜೆ ನಿಲ್ಲಿಸುತ್ತಿದ್ದಳು. ತೋರ್ಗಿನ್ "ಆಮೇಲೆ?" ಅನ್ನಬೇಕು. ಅನ್ನದಿದ್ದರೆ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗದು. ಕಥೆ ಅಂದರೆ ಇಬ್ಬರು ಹೊರುವ ಮೂಟೆ, ಒಬ್ಬಳೇ ಎತ್ತಿದರೆ ಸೊಂಟ ಮುರಿಯುತ್ತದೆ ಎನ್ನುವುದು ಅವಳ ವಾದ. ತೋರ್ಗಿನ್‌ಗೂ ಮೊದಲು ಆ "ಆಮೇಲೆ" ನನ್ನದಾಗಿತ್ತು. ನನಗೂ ಮೊದಲು ನನ್ನ ಅಕ್ಕ ಗೌಹಾರಳದು.

"ಆಮೇಲೆ ಎದ್ದು ಒಂಟೆಯ ಗೂನು ಹತ್ತಿ ಕೂತ್ಕೊಳ್ತು. ಗೂನು ತುಂಬ ಕೊಬ್ಬು ನೋಡು, ಕಾಲು ಹೂತೇ ಹೋಯ್ತು. ಇವತ್ತಿಗೂ ಅಲ್ಲೇ ಸಿಕ್ಕಾಕ್ಕೊಂಡು ಒದ್ದಾಡ್ತಾ ಇದೆ. ಒಂಟೆ ಯಾಕೆ ಯಾವಾಗ್ಲೂ ಮೂತಿ ಸೊಟ್ಟ ಮಾಡ್ಕೊಂಡಿರತ್ತೆ ಅಂದ್ಕೊಂಡೆ ಮತ್ತೆ?"

ತೋರ್ಗಿನ್ ಗೌಹಾರಳ ಮಗಳು. ಅವಳು ಹೆಜ್ಜೆ ಇಡಲು ಕಲಿಯುವ ಮೊದಲೇ ಗೌಹಾರ್ ತೀರಿಕೊಂಡಳು. ಮಗುವಿನ ಅಪ್ಪ ಪಶ್ಚಿಮದ ಎಣ್ಣೆಬಾವಿಗಳ ಕಡೆ ಇನ್ನೊಂದು ಸಂಸಾರ ಹೂಡಿದ. ಅಕ್ಕನನ್ನೂ ನನ್ನನ್ನೂ ಸಾಕಿದ ಆಜೆಯ ತೋಳುಗಳೇ ಈ ಮಗುವನ್ನೂ ಎತ್ತಿಕೊಂಡವು. ನಾಲ್ಕು ತುಂಬಿದ ವರ್ಷ ಮೂರ್ಛೆ ಶುರುವಾಯಿತು. ಮಾತ್ರೆ ಕೊಟ್ಟರು. ಮೂರ್ಛೆಯೇನೋ ನಿಂತಿತು, ಅದರ ಜೊತೆ ತೋರ್ಗಿನ್ನೂ ನಿಂತುಹೋದಳು. ಗೋಡೆಗೆ ಒರಗಿಸಿದ ಚಾಪೆಯ ಹಾಗೆ, ಇಟ್ಟಲ್ಲಿ ಇರುತ್ತಿದ್ದಳು. ನನ್ನ ಹೆಸರು ಕೇಳಿದರೆ ನನ್ನ ಮುಖವನ್ನೇ ನೋಡುತ್ತಿದ್ದಳು, ಬಾಯಿಗೆ ಏನೂ ಬರುತ್ತಿರಲಿಲ್ಲ. ಕೊನೆಗೆ ಆಸ್ಪತ್ರೆಯ ಡಾಕ್ಟರಮ್ಮ ಮಾತ್ರೆ ಇಳಿಸಿ ಕೊಬ್ಬಿನ ಪಥ್ಯ ಹಿಡಿಸಿದರು. ರೊಟ್ಟಿಯಿಲ್ಲ, ಸಕ್ಕರೆಯಿಲ್ಲ, ಆಲೂಗಡ್ಡೆಯಿಲ್ಲ. ಬೆಣ್ಣೆ, ಕೆನೆ, ಕುರಿಯ ಬಾಲದ ಕೊಬ್ಬು, ಅದಕ್ಕೆ ತಕ್ಕಷ್ಟು ಮಾಂಸ. ಹಿಟ್ಟು ಸಿಗದ ದೇಹ ಕೊಬ್ಬನ್ನೇ ಉರಿಸುತ್ತದೆ. ಆಗ ರಕ್ತದಲ್ಲಿ ಕೀಟೋನ್ ಏರುತ್ತದೆ. ಅದು ಮೇಲಿದ್ದಷ್ಟು ಕಾಲ ಮೂರ್ಛೆ ಹತ್ತಿರ ಸುಳಿಯುವುದಿಲ್ಲ.

ಇದನ್ನೆಲ್ಲ ಕೇಳಿ ಆಜೆಗೆ ಆಶ್ಚರ್ಯವೇ ಆಗಲಿಲ್ಲ. ಒಂಟೆಯ ಗೂನಿನ ವಿಷಯ ಡಾಕ್ಟರಮ್ಮನಿಗೂ ಅವರಜ್ಜಿ ಹೇಳಿರಬೇಕು ಎಂದಳು. ನಿಜ ಹೇಳಬೇಕೆಂದರೆ, ಅಷ್ಟೆಲ್ಲ ಓದಿದ್ದರೂ ನನಗೂ ಹಾಗೇ ಅನ್ನಿಸಿತ್ತು. ಶರತ್ಕಾಲ ಪೂರ್ತಿ ತೋರ್ಗಿನ್ ನಮಗೆ ಮರಳಿ ಸಿಕ್ಕಳು. ಸೇಬಿನ ಮರ ಹತ್ತಿದಳು, ನನ್ನ ಓಡಾಟ ಅಣಕಿಸಿದಳು. "ಬಾಲ್ಜಾನ್ ಕನಸು ಕಾಣ್ತಾ ನಡೀತಾಳೆ, ಕಂಬಕ್ಕೆ ಸಲಾಂ ಹೊಡೀತಾಳೆ" ಎಂದು ಬೀದಿಗೆಲ್ಲ ಸಾರಿದಳು. "ಆಮೇಲೆ?" ಎಂದು ಆಜೆಯ ಮೊಣಕಾಲು ತಟ್ಟಿದಳು.

ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿಯೂ ಆಗ ಇದೇ ಕೊಬ್ಬಿನ ಮಾತು. ನಮ್ಮ ಹಿರಿಯರಾದ ಅಮಾಂತಾಯ್, ನಾವೆಲ್ಲ ಅಗಾಯ್ ಅಂದರೆ ಮೇಷ್ಟ್ರೇ ಎಂದು ಕರೆಯುವವರು, ಬಿಳಿ ಇಲಿಗಳಿಗೆ ಈ ಪಥ್ಯ ಹಾಕಿಸುತ್ತಿದ್ದರು. ಪರದೇಶದ ಡಬ್ಬಿಯ ಎಣ್ಣೆ ಬೇಡ, ನಮ್ಮ ಜನ ತಿನ್ನುವ ಬಾಲದ ಕೊಬ್ಬೇ ಇರಲಿ ಎಂದು ಅವರ ಹಟ. ಹೀಗಾಗಿ ನಮ್ಮ ಕಾರಿಡಾರು ಮದುವೆಮನೆಯ ಅಡುಗೆಕೋಣೆಯಂತೆ ನಾರುತ್ತಿತ್ತು. ಒಂದು ಗುಂಪಿನ ಇಲಿಗಳಿಗೆ ಮಾಮೂಲಿ ಕಾಳು, ಇನ್ನೊಂದಕ್ಕೆ ಬರಿಯ ಕೊಬ್ಬು, ಮೂರನೆಯದಕ್ಕೆ ಕೊಬ್ಬಿನ ಜೊತೆ ಶಿರ್ಗನಾಕ್. ಹೊಳೆದಂಡೆಯ ಮುಳ್ಳುಪೊದೆಯಲ್ಲಿ ಕಿತ್ತಳೆ ಮಣಿಗಳ ಹಾಗೆ ಅಂಟಿಕೊಂಡಿರುತ್ತದಲ್ಲ, ಅದೇ ಹುಳಿಹಣ್ಣು. ಕೊಬ್ಬು ಮೂರ್ಛೆ ತಡೆದರೂ ಯಕೃತ್ತಿನಲ್ಲಿ ಕೂತು ಅದನ್ನು ಮಂಕಾಗಿಸುತ್ತದೆ. ಈ ಹಣ್ಣು ಆ ಭಾರ ಇಳಿಸುತ್ತದೆಯೇ ಎಂದು ನೋಡುವುದು ಅಗಾಯ್ ಅವರ ಉದ್ದೇಶ.

ತೋರ್ಗಿನ್‌ಳ ರಕ್ತದಲ್ಲೂ ಕೊಬ್ಬಿನಂಶ ಏರತೊಡಗಿತ್ತು. ಆ ಹಣ್ಣಿನ ಎಣ್ಣೆ ಕೊಡಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಎಣ್ಣೆಯಲ್ಲಿ ಸಕ್ಕರೆಯಿಲ್ಲ, ಒಂದು ಚಮಚೆಯಿಂದ ಕೆಡುಕಿಲ್ಲ ಎಂದರು. ಶಿರ್ಗನಾಕಿನ ಎಣ್ಣೆ ನಮ್ಮ ಮನೆಗೂ ಬಂತು. ಇಲಿಗಳೂ ತೋರ್ಗಿನ್ನೂ ಒಂದೇ ಹೊಳೆ ದಾಟುತ್ತಿದ್ದಾರೆ, ಇಲಿಗಳು ಮುಂದೆ, ಅವಳು ಹಿಂದೆ, ಆಳ ಎಲ್ಲಿದೆಯೆಂದು ಅವು ತೋರಿಸುತ್ತವೆ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಚಳಿ ಬಲಿಯುತ್ತಿದ್ದ ಹಾಗೆ ಮೂರ್ಛೆ ಮರಳಿತು. ಮೊದಲು ಕಣ್ಣಗುಡ್ಡೆ ಮೇಲೆ ಸರಿದು, ಕೈಯಲ್ಲಿದ್ದ ಚಮಚೆ ಬೀಳುವಷ್ಟು. ಆಮೇಲೆ ನೆಲಕ್ಕೆ ಬೀಳುವಷ್ಟು. ಡಾಕ್ಟರಮ್ಮ ಹಿಂದಿನ ರಕ್ತಪರೀಕ್ಷೆಗಳನ್ನು ತಾಳೆ ಹಾಕಿ ನೋಡಿದರು. ಪಥ್ಯ ಸರಿಯಾಗಿದೆಯಾ ಎಂದು ಕೇಳಿದರು. ಆಜೆ ತೂಕ ಮಾಡಿ ಕೊಡುತ್ತಿದ್ದಳು, ನಾನೇ ಕಣ್ಣಾರೆ ನೋಡುತ್ತಿದ್ದೆ. ಸೇಬು ಹೂಬಿಡುವ ಹೊತ್ತಿಗೂ ಹೀಗೇ ಇದ್ದರೆ ಪಥ್ಯ ಬಿಟ್ಟು ಹಳೆಯ ಮಾತ್ರೆಗೇ ಹೋಗಬೇಕಾಗುತ್ತದೆ ಎಂದರು ಡಾಕ್ಟರಮ್ಮ. ಅವರು ಹೇಳಿದ್ದು ಮಾತ್ರೆಯ ವಿಷಯ. ನನಗೆ ಕಂಡದ್ದು ಗೋಡೆಗೆ ಒರಗಿಸಿದ ಚಾಪೆ.

ಇಲಿಗಳ ಬಾಲದ ತುದಿಯಿಂದ ರಕ್ತ ತೆಗೆಯುವುದು ಬುಧವಾರ. ಮಾರ್ಚಿನಲ್ಲಿ ಒಂದು ವಾರ ಕೀಟೋನ್ ಅಳೆಯುವ ಪಟ್ಟಿಗಳು ಬರುವುದು ತಡವಾಗಿ ಕೆಲಸ ಶನಿವಾರಕ್ಕೆ ಬಿತ್ತು. ಬರಿಯ ಕೊಬ್ಬಿನ ಗುಂಪಿನಲ್ಲಿ ಕೀಟೋನ್ ಎಂದಿನಂತಿತ್ತು. ಹಣ್ಣಿನ ಗುಂಪಿನಲ್ಲಿ ಇಳಿದುಹೋಗಿತ್ತು. ಒಂದು ಇಲಿಯಲ್ಲಲ್ಲ, ಎಲ್ಲದರಲ್ಲೂ. ಹಣ್ಣೇ ಪಥ್ಯ ಕೆಡಿಸುತ್ತಿರಬಹುದು, ಒಂದೇ ಸಲದ ಲೆಕ್ಕ ನಂಬಬಾರದು, ಮತ್ತೆ ನೋಡೋಣ ಎಂದರು ಅಗಾಯ್.

ನಾನು ಮತ್ತೆ ನೋಡುವವರೆಗೆ ಕಾಯಲಿಲ್ಲ. ಮನೆಗೆ ಹೋದವಳೇ ಎಣ್ಣೆಯ ಸೀಸೆಯನ್ನು ಹಿಮದ ಮೇಲೆ ಬರಿದು ಮಾಡಿದೆ. ಬಿಳಿಯ ಮೇಲೆ ಕಿತ್ತಳೆ ಬಣ್ಣದ ಗುಳಿ ಬಿತ್ತು. ಆಜೆ ಹೊಸ್ತಿಲಲ್ಲಿ ನಿಂತು ನೋಡಿದಳು. "ಪಾಪ, ಮುಳ್ಳಿನ ಮಧ್ಯೆ ಕೈ ಹಾಕಿ ಬಿಡಿಸಿದ್ದೆ" ಎಂದಳು, ಅಷ್ಟೇ. ಕಳ್ಳ ಸಿಕ್ಕಿದ ಎಂದು ನನಗೆ ಆ ವಾರವಿಡೀ ಹಗುರವಾಗಿತ್ತು.

ಮುಂದಿನ ಶನಿವಾರ ಬೆಳಿಗ್ಗೆ ತೋರ್ಗಿನ್ ಹಲ್ಲುಜ್ಜುತ್ತಿದ್ದವಳು ಬಿದ್ದಳು. ಬಿದ್ದವಳು ಏಳಲಿಲ್ಲ. ನಿಂತಿತು ಅನ್ನುವಷ್ಟರಲ್ಲಿ ಇನ್ನೊಂದು, ಅದು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೊಂದು. ಆಂಬುಲೆನ್ಸಿನಲ್ಲಿ ಆಜೆ ಅವಳ ತಲೆಯ ಮೇಲೆ ಕೈ ಆಡಿಸುತ್ತಾ ನಮ್ಮವರೆಲ್ಲ ಮಕ್ಕಳಿಗೆ ದಿನಾ ಹೇಳುವ ಮಾತನ್ನೇ ಹೇಳುತ್ತಿದ್ದಳು. ನಿನ್ನ ಸುತ್ತ ಸುತ್ತುತ್ತೀನಿ ಕಂದಾ, ನಿನ್ನ ಬೇನೆ ನನಗಿರಲಿ. ಆ ಇಕ್ಕಟ್ಟಿನಲ್ಲಿ ಸುತ್ತಲು ಜಾಗವಿರಲಿಲ್ಲ. ಅವಳ ಕೈಯೊಂದೇ ಮಗುವಿನ ತಲೆಯ ಮೇಲೆ ಸುತ್ತುತ್ತಿತ್ತು.

ಕೆಲವು ದಿನ ಬಿಟ್ಟು ಮನೆಗೆ ಕಳಿಸಿದರು. ನಡೆಯುತ್ತಿದ್ದಳು, ಉಣ್ಣುತ್ತಿದ್ದಳು, ನನ್ನ ಹೆಸರು ಹೇಳುತ್ತಿದ್ದಳು. ಆ ಸಂಜೆ ಆಜೆ ಒಂಟೆಯ ಕಥೆ ತೆಗೆದಳು. ರೋಗ ಜಾರಿ ಕೆಳಗೆ ಬಿತ್ತು. ಆಜೆ ನಿಲ್ಲಿಸಿದಳು. ತೋರ್ಗಿನ್ ಅವಳ ಶಾಲಿನ ಅಂಚಿನ ದಾರ ಎಳೆಯುತ್ತಾ ಕೂತಿದ್ದಳು. ಆಜೆ ಕಾದಳು. ಮಗು ದಾರ ಎಳೆಯುತ್ತಲೇ ಇತ್ತು. ಆಜೆ ಎದ್ದುಹೋಗಿ ಒಲೆಯ ಬೂದಿ ಕೆದಕಿದಳು. ಬೂದಿಯಲ್ಲಿ ಬೆಂಕಿಯಿರಲಿಲ್ಲ.

ನಾನು ಕೆಲಸಕ್ಕೆ ಮರಳಿದ ದಿನ ಅಗಾಯ್ ಮೇಜಿನ ಹತ್ತಿರ ಕರೆದರು. ನಾನಿಲ್ಲದಾಗ ಅವರೇ ರಕ್ತ ತೆಗೆದಿದ್ದರು, ತೋರ್ಗಿನ್ ಬಿದ್ದ ಶನಿವಾರ ಒಮ್ಮೆ, ಆಮೇಲಿನ ಬುಧವಾರ ಒಮ್ಮೆ. ಬುಧವಾರ ಹಣ್ಣಿನ ಗುಂಪು ಚೆನ್ನಾಗಿಯೇ ಇತ್ತು. ಶನಿವಾರ ಮಾತ್ರ ಮತ್ತೆ ಬಿದ್ದಿತ್ತು. ಅವರು ಕನ್ನಡಕ ತೆಗೆದು ಒರೆಸಿದರು.

"ಗಿಡಕ್ಕೆ ವಾರ ಗೊತ್ತಾಗಲ್ಲ ಬಾಲ್ಜಾನ್. ಮನುಷ್ಯರಿಗೆ ಗೊತ್ತಾಗತ್ತೆ. ಶುಕ್ರವಾರ ಇಲ್ಲಿ ಯಾರೋ ಏನೋ ಮಾಡ್ತಾ ಇದ್ದಾರೆ."

ಶುಕ್ರವಾರ ಏನು ನಡೆಯುತ್ತದೆ ಎಂದು ನಮ್ಮಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಶುಕ್ರವಾರ ಶೆಲ್ಪೆಕ್. ತೆಳ್ಳಗೆ ಲಟ್ಟಿಸಿ ಎಣ್ಣೆಯಲ್ಲಿ ಕರಿದ ಏಳು ರೊಟ್ಟಿ, ಸತ್ತವರ ಹೆಸರಿನಲ್ಲಿ. ಅವತ್ತು ಅವರ ಆತ್ಮಗಳು ಬಾಗಿಲಿಗೆ ಬರುತ್ತವೆ, ಮನೆಯವರು ನೆನೆದರೋ ಇಲ್ಲವೋ ಎಂದು ನೋಡುತ್ತವೆ. ಕರಿದದ್ದನ್ನು ಹಂಚಬೇಕು, ಸಿಕ್ಕವರು ಒಂದು ತುತ್ತಾದರೂ ಬಾಯಿಗೆ ಹಾಕಲೇಬೇಕು. ಗೌಹಾರಳ ಹೆಸರಿನಲ್ಲಿ ಆಜೆ ಕರಿದದ್ದನ್ನು ಪ್ರತಿ ಶುಕ್ರವಾರ ನಾನೇ ಬಟ್ಟೆಯಲ್ಲಿ ಸುತ್ತಿಕೊಂಡು ಇಲ್ಲಿಗೆ ತರುತ್ತಿದ್ದೆ. ಅಗಾಯ್ ತಿನ್ನುತ್ತಿದ್ದರು. ಇಲಿಗಳ ಕೋಣೆ ನೋಡಿಕೊಳ್ಳುವ ಬಿಬಿಶ್ ಅಪಾ ತಿನ್ನುತ್ತಿದ್ದಳು.

ಬಿಬಿಶ್ ಅಪಾ ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದದ್ದು ಇದರಲ್ಲಿ ಏನಿದೆ ಎಂದೂ ಅವಳಿಗೆ ತಿಳಿಯಲಿಲ್ಲ. ಅವಳು ಚಹಾ ಕುಡಿಯುವ ಸ್ಟೂಲಿನ ಪಕ್ಕದಲ್ಲೇ ಹಣ್ಣಿನ ಗುಂಪಿನ ಪಂಜರಗಳು, ಉಳಿದ ಗುಂಪುಗಳವು ಮೇಲಿನ ಸಾಲಿನಲ್ಲಿ.

"ಶೆಲ್ಪೆಕ್ ಕೈಲಿಟ್ಕೊಂಡು, ಪಕ್ಕದಲ್ಲಿ ಜೀವ ಮೂಗು ಅಲ್ಲಾಡಿಸ್ತಾ ಇರೋವಾಗ ಒಬ್ಬಳೇ ನುಂಗೋಕಾಗತ್ತೇನೇ ಹುಡುಗಿ? ಗಂಟಲಲ್ಲಿ ಇಳಿಯಲ್ಲ. ಇವೂ ಇವತ್ತೋ ನಾಳೆಯೋ ಆತ್ಮಗಳೇ ತಾನೇ. ಮೇಲಿನ ಸಾಲಿನೋವಕ್ಕೆ ನನ್ನ ಕೈ ಎಟುಕಲ್ಲ, ದಿನಾ ಕ್ಷಮೆ ಕೇಳ್ತೀನಿ."

ಅಗಾಯ್ ಬೈಯಲು ಬಾಯಿ ತೆರೆದರು. ಅದೇ ರೊಟ್ಟಿಯ ಅರ್ಧ ಪ್ರತಿ ಶುಕ್ರವಾರ ಅವರ ಹೊಟ್ಟೆಗೂ ಹೋಗಿತ್ತು. ಅವರು ಬಾಯಿ ಮುಚ್ಚಿಕೊಂಡು ಪಂಜರದಲ್ಲಿ ಹಾಸಿದ ಹೊಟ್ಟನ್ನು ಬೆರಳಿನಿಂದ ಸರಿಸಿದರು. ಅಡಿಯಲ್ಲಿ ಕೆಂಪಗೆ ಕರಿದ ಚೂರೊಂದಿತ್ತು. ಆಜೆ ಅಂಚು ಒತ್ತುವ ರೀತಿ ನನಗೆ ಗೊತ್ತು.

ನಾನು ಆ ಚೂರು ನೋಡುತ್ತಾ ನಿಂತೆ. ತೋರ್ಗಿನ್ ಬೀಳುತ್ತಿದ್ದದ್ದು ಯಾವ ಯಾವ ದಿನ ಎಂದು ಮನಸ್ಸು ಹಿಂದಕ್ಕೆ ಹೋಯಿತು. ಸಂತೆಗೆ ಹೋಗಲು ಕೋಟು ಹಾಕಿದ್ದಳು, ಚಮಚೆ ಕೆಳಗೆ ಬಿತ್ತು. ನನಗೆ ಅರ್ಧ ದಿನದ ಕೆಲಸ, ಬೇಗ ಬಂದಿದ್ದೆ, ಅವಳು ನೆಲದ ಮೇಲಿದ್ದಳು. ಹಲ್ಲುಜ್ಜುತ್ತಿದ್ದ ಬೆಳಿಗ್ಗೆ. ಎಲ್ಲವೂ ಶನಿವಾರ. ಇಲಿಗಳು ಆಳ ತೋರಿಸುತ್ತಲೇ ಇದ್ದವು.

ಮನೆಯಲ್ಲಿ ಆಜೆ ಜೋಳಿಗೆಯಷ್ಟು ಉಣ್ಣೆ ಹರಡಿಕೊಂಡು ಹಿಂಜುತ್ತಿದ್ದಳು. ತೋರ್ಗಿನ್ ಒಳಗೆ ಮಲಗಿದ್ದಳು. ನಾನು ಇಲಿಗಳಿಂದ ಶುರು ಮಾಡಿದೆ. ಬಿಬಿಶ್ ಅಪಾಳ ಸ್ಟೂಲು, ಹೊಟ್ಟಿನ ಅಡಿಯ ಚೂರು, ಬುಧವಾರ, ಶನಿವಾರ. ಮಗುವಿನ ಹೆಸರು ನನ್ನ ಬಾಯಿಗೆ ಬರುವ ಮೊದಲೇ ಆಜೆಯ ಕೈ ಉಣ್ಣೆಯ ಮೇಲೆ ನಿಂತಿತು.

"ಉಗುರಿನಷ್ಟು ಕಣೇ," ಎಂದಳು. "ನಾಲಿಗೆಗೆ ತಾಗಿಸಿದ್ದು. ಅಷ್ಟೇ."

ಉಣ್ಣೆಯ ಎಳೆ ಬಿಡಿಸುತ್ತಾ ಉಳಿದದ್ದನ್ನು ಹೇಳಿದಳು. ಮೊದಲ ಹಿಮ ಬಿದ್ದ ವಾರ ಗೌಹಾರ್ ಕನಸಿನಲ್ಲಿ ಬಂದಿದ್ದಳಂತೆ. ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತು, ಎಲ್ಲರೂ ತಿಂದರು, ನನ್ನ ಮಗಳು ಮಾತ್ರ ತಿನ್ನಲಿಲ್ಲ ಎಂದಳಂತೆ. ಪಥ್ಯ ಶುರುವಾದ ಮೇಲೆ ತೋರ್ಗಿನ್‌ಗೆ ಶೆಲ್ಪೆಕ್ ಕೊಡುವುದನ್ನು ಆಜೆ ನಿಲ್ಲಿಸಿದ್ದಳು. ತಾಯಿಯ ರೊಟ್ಟಿ ಊರೆಲ್ಲ ತಿನ್ನುತ್ತದೆ, ಅವಳ ಹೊಟ್ಟೆಯಲ್ಲಿ ಹುಟ್ಟಿದ್ದು ತಿನ್ನುವುದಿಲ್ಲ. ಆಜೆ ಆ ಶುಕ್ರವಾರದಿಂದ ಒಂದು ಚೂರು ಮುರಿದು ಮಗುವಿನ ತುಟಿಗಿಡತೊಡಗಿದಳು. ಅಷ್ಟಕ್ಕೆ ಏನಾದೀತು ಎಂದುಕೊಂಡಳು. ಮಗುವಿಗೂ ಆ ಚೂರು ಬೇಕಾಗುತ್ತಿತ್ತು. ಅಮ್ಮನದು ಎಂದು ಅದಕ್ಕೆ ಹೇಳಿಕೊಟ್ಟಿದ್ದಳು. ಉಗುರಿನಷ್ಟಿದ್ದದ್ದು ಚಳಿ ಕಳೆಯುವ ಹೊತ್ತಿಗೆ ಅಂಗೈಯಷ್ಟಾಗಿತ್ತು ಎನ್ನುವುದನ್ನೂ ಅವಳೇ ಹೇಳಿದಳು, ನಾನು ಕೇಳಲಿಲ್ಲ.

"ನೀನು ಓದಿದೋಳು, ಹೇಳು," ಎಂದಳು. "ಬಾಗ್ಲಲ್ಲಿ ನಿಂತಿರೋ ಹುಡುಗಿಗೆ ನಾನೇನು ಹೇಳ್ಲಿ? ನಿನ್ನ ರೊಟ್ಟಿ ನಿನ್ನ ಮಗಳಿಗೆ ವಿಷ ಅಂತ ಹೇಳ್ಲಾ?"

ನಾನು ಅವಳೆದುರು ಕೂತು ಉಣ್ಣೆ ಹಿಂಜತೊಡಗಿದೆ. ಕತ್ತಲಾಗುವವರೆಗೂ ಇಬ್ಬರೂ ಹಿಂಜಿದೆವು. ಯಾರಿಗೂ ಬೇಕಾಗದಷ್ಟು ಮೆತ್ತಗಾಯಿತು ಆ ಉಣ್ಣೆ.

ಪ್ರಯೋಗ ಆ ವಾರವೇ ಮುಗಿಯಬೇಕಿತ್ತು. ಇಲಿಗಳನ್ನು ಕೊಲ್ಲುವ ಬೆಳಿಗ್ಗೆ ಬಿಬಿಶ್ ಅಪಾ ರಜೆ ಹಾಕಿದ್ದಳು, ಯಾವಾಗಲೂ ಹಾಕುತ್ತಾಳೆ. ಕುರಿ ಕೊಯ್ಯುವ ಮುಂಚೆ ನಮ್ಮ ಹಳ್ಳಿಗಳಲ್ಲಿ ಅದರ ಕಿವಿಯಲ್ಲಿ ಒಂದು ಮಾತು ಹೇಳುತ್ತಾರೆ. ನಿನ್ನಲ್ಲಿ ತಪ್ಪಿಲ್ಲ, ನಮ್ಮಲ್ಲಿ ಅನ್ನವಿಲ್ಲ. ಇಲಿಗಳಿಗೆ ಅದನ್ನು ಹೇಳುವ ಪದ್ಧತಿಯಿಲ್ಲ. ನಾನು ಪ್ರತಿಯೊಂದನ್ನೂ ಎತ್ತಿಕೊಂಡಾಗ ತುಟಿಯೊಳಗೇ ಹೇಳಿದೆ. ಅಗಾಯ್‌ಗೆ ಕೇಳಿಸಿತು, ಅವರು ತಲೆ ಎತ್ತಲಿಲ್ಲ.

ಬರಿಯ ಕೊಬ್ಬು ತಿಂದವುಗಳ ಯಕೃತ್ತು ಮಾಸಲು ಹಳದಿ, ಹೆಪ್ಪುಗಟ್ಟಿದ ಬೆಣ್ಣೆಯಂತೆ ಬೆರಳಿಗೆ ಜಾರುತ್ತಿತ್ತು. ಹಣ್ಣು ತಿಂದವುಗಳದು ಕೆಂಪಗೆ, ಹೆಚ್ಚುಕಡಿಮೆ ಕಾಳು ತಿಂದವುಗಳ ಹಾಗೇ ಇತ್ತು. ನಾನು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನನ್ನ ಕಣ್ಣೆದುರು ಹಿಮದ ಮೇಲಿನ ಕಿತ್ತಳೆ ಗುಳಿ ಬಂತು.

"ನೋಡಿದ್ದೀವಿ," ಎಂದರು ಅಗಾಯ್. "ಹೇಳೋ ಹಾಗಿಲ್ಲ. ಈ ಗುಂಪು ರೊಟ್ಟಿ ತಿಂದಿದೆ. ಹಣ್ಣಿಂದ ಹೀಗಾಯ್ತೋ ರೊಟ್ಟಿಯಿಂದ ಹೀಗಾಯ್ತೋ, ಅವುಗಳಿಗೇ ಗೊತ್ತು."

ಹಣ್ಣಿನ ಗುಂಪನ್ನು ಲೆಕ್ಕದಿಂದ ತೆಗೆದರು. ಮುಂದಿನ ಶರತ್ಕಾಲದಲ್ಲಿ ಹೊಸ ಇಲಿಗಳ ಜೊತೆ ಮೊದಲಿನಿಂದ. ಇವು ಸುಮ್ಮನೆ ಸತ್ತವು ಎಂದು ಯಾರೂ ಹೇಳಲಿಲ್ಲ. ಎಲ್ಲರೂ ಕೈ ತೊಳೆಯಲು ಬಹಳ ಹೊತ್ತು ತೆಗೆದುಕೊಂಡರು.

ಶುಕ್ರವಾರ ನಾನು ಬೇಗ ಬಂದೆ. ಆಜೆ ಏನು ಮಾಡುತ್ತಾಳೆ ಎಂದು ಕೇಳುವ ಧೈರ್ಯ ವಾರವಿಡೀ ಬಂದಿರಲಿಲ್ಲ. ಅಂಗಳದ ಒಲೆ ಉರಿಯುತ್ತಿತ್ತು, ಕಡಾಯಿಯಲ್ಲಿ ಬಾಲದ ಕೊಬ್ಬು ಕರಗುತ್ತಿತ್ತು. ಆಜೆ ಹೊಸ ಶಾಲು ಹೊದ್ದು ಪಕ್ಕದಲ್ಲಿ ನಿಂತಿದ್ದಳು. ನಾನು ಹಿಟ್ಟಿನ ಬೋಗುಣಿ ಎಲ್ಲಿ ಎಂದು ನೋಡಿದೆ. ಅದು ಬೇಲಿಯ ಗೂಟಕ್ಕೆ ಬೋರಲು ಹಾಕಿತ್ತು, ಒಣಗಿತ್ತು.

ಕೊಬ್ಬು ಕಾದು ಹೊಗೆಯಾಡಿತು. ಘಮ ಬೇಲಿ ದಾಟಿತು. ಶುಕ್ರವಾರದ ಪಾಲಿಗೆ ಕಾದಿದ್ದ ಪಕ್ಕದ ಮನೆಯ ಕುಲ್ಯಾಶ್ ಬೇಲಿಯ ಮೇಲಿಂದ ಕತ್ತು ಚಾಚಿದಳು.

"ಏನಾಜೆ, ಹಿಟ್ಟಿಗೆ ಬರ ಬಂತಾ? ಬರೀ ಘಮ ಬಡಿಸ್ತಾ ಇದ್ದೀಯ."

"ಸತ್ತೋರಿಗೆ ಹಲ್ಲಿಲ್ಲ ಕಣೇ, ಮೂಗಿದೆ. ಹಲ್ಲಿರೋ ನೀನು ಅಂಗಡಿಗೆ ಹೋಗು."

ಕುಲ್ಯಾಶ್ ನಕ್ಕು ಒಳಗೆ ಹೋದಳು. ಆಜೆ ನಗಲಿಲ್ಲ. ಅವಳು ಕಡಾಯಿಯ ಮೇಲೆ ಎರಡೂ ಅಂಗೈ ತೆರೆದಳು, ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳಿದಳು, ಗೌಹಾರಳದನ್ನು ಕೊನೆಗೆ. ಆಮೇಲೆ ಬಾಗಿಲ ಕಡೆ ತಿರುಗಿ, ಅಲ್ಲಿ ಯಾರೋ ನಿಂತಿದ್ದಾರೆ ಎನ್ನುವ ಹಾಗೆಯೇ, ಮೆಲ್ಲಗೆ ಹೇಳಿದಳು:

"ಇವತ್ತಿಂದ ಇಷ್ಟೇ ಮಗಳೇ. ಘಮ ತಗೊಂಡು ಹೋಗು. ನಿನ್ನ ಕೂಸನ್ನ ನನಗೆ ಬಿಡು."

ಪ್ರಾರ್ಥನೆ ಮುಗಿಸಿ ಮುಖದ ಮೇಲೆ ಅಂಗೈ ಸವರಿಕೊಂಡಳು. ತೋರ್ಗಿನ್ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಅವಳೂ ಎರಡು ಕೈ ಎತ್ತಿ ಮುಖ ಸವರಿಕೊಂಡಳು. ಆಮೇಲೆ ಎಂದಿನ ಶುಕ್ರವಾರದ ಅಭ್ಯಾಸದಂತೆ ಆಜೆಯ ಕಡೆ ಬಾಯಿ ತೆರೆದಳು, ಹಕ್ಕಿಮರಿಯ ಹಾಗೆ. ಆಜೆ ಚಮಚೆಯ ತುದಿಯಲ್ಲಿ ಕರಗಿದ ಕೊಬ್ಬು ತೆಗೆದು, ಆರುವವರೆಗೆ ಊದಿ, ಆ ಬಾಯಿಗಿಟ್ಟಳು. ಮಗು ನುಂಗಿತು. ರೊಟ್ಟಿ ಎಲ್ಲಿ ಎಂದು ಕೇಳಲಿಲ್ಲ. ಮತ್ತೆ ಬಾಯಿ ತೆರೆಯಿತು. ಆಜೆ ಚಮಚೆ ಕೆಳಗಿಟ್ಟು ಅವಳ ಬಾಯನ್ನು ಶಾಲಿನ ಅಂಚಿನಿಂದ ಒರೆಸಿದಳು.

ಮರುದಿನ ಶನಿವಾರ. ಬೆಳಗಿನಿಂದ ನಾನು ಅವಳ ಹಿಂದೆಯೇ ಸುತ್ತಿದೆ. ಅವಳು ಬೀಳಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಸೇಬಿನ ಮರ ಹೂಬಿಟ್ಟಿತು. ಡಾಕ್ಟರಮ್ಮ ಪಥ್ಯ ಮುಂದುವರಿಯಲಿ, ಮಾತ್ರೆ ಬೇಡ ಎಂದರು. ಮೊದಲು ತಾನಾಗಿ ಆಡುತ್ತಿದ್ದ ಮಾತು ಮರಳುತ್ತದೆಯೇ ಎಂದು ಕೇಳಿದೆ. ಕೆಲವು ಮಕ್ಕಳಿಗೆ ಮರಳುತ್ತದೆ ಎಂದರು. ಅವರು ಕಿಟಕಿಯ ಕಡೆ ನೋಡಿ ಹೇಳಿದ್ದರಿಂದ ನಾನು ಮುಂದೆ ಕೇಳಲಿಲ್ಲ.

ಈಗಲೂ ಸಂಜೆ ಊಟವಾದ ಮೇಲೆ ಆಜೆ ಒಂಟೆಯ ಕಥೆ ತೆಗೆಯುತ್ತಾಳೆ. ಮರಿ ಮಲಗಿದೆ, ಅದರ ಕುತ್ತಿಗೆಯ ಮೇಲೆ ರೋಗ ಕಾಲು ಇಳಿಬಿಟ್ಟು ಕೂತಿದೆ, ಒಂಟೆ ಸುತ್ತುತ್ತಿದೆ. ರೋಗಕ್ಕೆ ತಲೆ ತಿರುಗಿ ಜಾರಿತು ಎನ್ನುವಲ್ಲಿಗೆ ಬಂದು ನಿಲ್ಲಿಸುತ್ತಾಳೆ. ಒಂದು ಸಂಜೆ ತಡೆಯಲಾರದೆ ನಾನೇ "ಆಮೇಲೆ?" ಎಂದೆ. ಆಜೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆ ಮಾತು ಈಗ ನನ್ನದಲ್ಲ. ತೋರ್ಗಿನ್ ಶಾಲಿನ ದಾರ ಎಳೆಯುತ್ತಾ ಇರುತ್ತಾಳೆ. ಆ ಅಂಚು ಪೂರ್ತಿ ಬಿಚ್ಚಿಹೋಗಿದೆ. ಚಹಾ ಆರುವವರೆಗೂ ಆಜೆ ಕಾಯುತ್ತಾಳೆ. ಆಮೇಲೆ ಮಗುವಿನ ನೆತ್ತಿಯ ಮೇಲೆ ಕೈಯಾಡಿಸಿ, ಕಥೆಯಲ್ಲಿ ಜಾರಿದ್ದ ರೋಗವನ್ನು ಅವಳೇ ಮತ್ತೆ ಮರಿಯ ಕುತ್ತಿಗೆಯ ಮೇಲೆ ಕೂರಿಸುತ್ತಾಳೆ.

"ಇಲ್ಲ, ಇನ್ನೂ ಬಿದ್ದಿಲ್ಲ," ಎನ್ನುತ್ತಾಳೆ. "ಒಂಟೆ ಇನ್ನೊಂದು ಸುತ್ತು ಹಾಕ್ತು."